‘ಅಥವಾ ಏನೂ ಇಲ್ಲ’ ಎನ್ನುವ ನಿಮಿಯಾ

ನಮ್ಮೂರು ವಿಯಾರಿಕಾದ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹುಡುಗಿಯರಿಗೆ ನಿಮಿಯಾ ಬಾರೆಯ್ರೊ ಬರುವುದು ದೂರದಿಂದ ಕಂಡರೆ ಸಾಕು, ಒಬ್ಬಳಿಗೆ ತಟ್ಟನೆ ಒಳಗೇನೋ ಕೆಲಸ ನೆನಪಾಗುತ್ತದೆ. ಹೊರಗೆ ಉಳಿದವಳು ಉತ್ತರ ಕೊಡಬೇಕು.

“ಅಸುನ್ಸಿಯೊನ್ ಬಸ್ ಎಷ್ಟೊತ್ತಿಗಮ್ಮ?”

“ಏಳಕ್ಕೆ, ನ್ಯಾ ನಿಮಿಯಾ.”

“ಏಳಕ್ಕೆ, ಅಥವಾ?”

“ಏಳಕ್ಕೇನೇ.”

“ನಿನ್ನೆ ಏಳಕ್ಕೆ ಬಂತಾ?”

“ನಿನ್ನೆ... ನಿನ್ನೆ ಬರ್ಲೇ ಇಲ್ಲ.”

“ಮತ್ತೆ ಬೋರ್ಡ್ ಮೇಲೆ ಹಾಗೇ ಬರೀರಿ. ಏಳಕ್ಕೆ, ಅಥವಾ ಏನೂ ಇಲ್ಲ. ಜನ ಒಂದು ರೊಟ್ಟಿ ಹೆಚ್ಚಿಗೆ ಕಟ್ಕೊಂಡ್ ಬರ್ತಾರೆ.”

ಹೀಗೆ ಹೇಳುವಾಗ ಅವರ ದನಿಯಲ್ಲಿ ಕೋಪ ಇರುವುದಿಲ್ಲ, ಕೊಂಕೂ ಇರುವುದಿಲ್ಲ. ಡಾಕ್ಟರು ನಾಲಗೆ ಚಾಚಿ ಎಂದು ಹೇಳುವಷ್ಟು ಸಹಜವಾಗಿ ಹೇಳುತ್ತಾರೆ. ಮಾಂಸದ ಅಂಗಡಿಯವನು ನಾಳೆ ಒಳ್ಳೆಯ ಪಕ್ಕೆಲುಬು ಬರುತ್ತದೆ ಎಂದರೆ “ಅಥವಾ ಏನೂ ಇಲ್ಲ” ಎಂದು ಸೇರಿಸುತ್ತಾರೆ. ಪಾದ್ರಿಗಳು ಭಾನುವಾರ ಪೂಜೆಗೆ ಸಿಗೋಣ ಎಂದರೂ ಬಿಡುವುದಿಲ್ಲ. ಊರಿನವರು ಮರ್ಯಾದೆಯ ‘ನ್ಯಾ’ ಉಳಿಸಿಕೊಂಡು, ಹೆಸರು ಮಾತ್ರ ಬದಲಾಯಿಸಿ, ಅವರನ್ನು ‘ನ್ಯಾ ಅಥವಾ’ ಎಂದು ಕರೆಯುತ್ತಾರೆ. ಅವರೆದುರಿಗೇ ಕರೆಯುತ್ತಾರೆ. ಅವರು ಓಗೊಡುತ್ತಾರೆ ಕೂಡ. ವಿಯಾರಿಕಾದವರು ಎಲ್ಲವನ್ನೂ ತಲೆಕೆಳಗು ಮಾಡುವವರು, ಅವರದ್ದೇ ಒಂದು ಬೇರೆ ಗಣರಾಜ್ಯ ಎಂದು ದೇಶದ ಉಳಿದವರು ನಮ್ಮನ್ನು ನೋಡಿ ನಗುತ್ತಾರಲ್ಲ, ಆ ಗಣರಾಜ್ಯದೊಳಗೆ ನಿಮಿಯಾ ಒಬ್ಬರೇ ವಿರೋಧ ಪಕ್ಷ.

ಈ ಚಟ ಅವರಿಗೆ ಕೆಲಸದಿಂದ ಅಂಟಿದ್ದು. ನಾವು ಕೆಲಸ ಮಾಡುವುದು ಕುರುಪಾಯ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರಿನ ಮೇಲೆ. ಕುರುಪಾಯ್ ನಮ್ಮ ಕಡೆಯ ಒಂದು ಗಟ್ಟಿ ಮರ. ಕೊಡಲಿಗೆ ಸುಲಭಕ್ಕೆ ಬಗ್ಗುವುದಿಲ್ಲ ಎಂದು ಭಾಷೆಗೂ ಆ ಹೆಸರನ್ನಿಟ್ಟರು. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆ, ಬಸ್ಸಿನ ಟಿಕೆಟ್ಟು, ಚರ್ಚಿನ ಗಂಟೆ, ಇವೆಲ್ಲ ನಡೆಯುವುದು ಅದರಲ್ಲಿ ಬರೆದ ಪ್ರೋಗ್ರಾಮುಗಳಿಂದ. ಜನ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡುವುದು ಕಂಪೈಲರಿನ ಕೆಲಸ. ಅದಕ್ಕೆ ಮೊದಲು ಒಮ್ಮೆ ಓದಿ, ತಪ್ಪಿದ್ದರೆ ಬಾಗಿಲಲ್ಲೇ ತಡೆದು ಹೇಳುವುದೂ ಅದೇ.

ಭಾಷೆಯ ಜೊತೆಗೇ ಒಂದಷ್ಟು ಸಿದ್ಧ ಆಜ್ಞೆಗಳು ಬರುತ್ತವೆ: ‘ಎಣಿಸು’, ‘ಹುಡುಕು’, ‘ಮುಂದಿನದು’, ಹೀಗೆ. ಅವು ಒಳಗೊಳಗೆ ಏನು ಮಾಡುತ್ತವೆ ಎಂದು ಕಂಪೈಲರ್ ಇಣುಕಿ ನೋಡುವುದಿಲ್ಲ. ಯಾವ ಆಜ್ಞೆ ಏನನ್ನು ತೆಗೆದುಕೊಂಡು ಎಂಥದ್ದನ್ನು ವಾಪಸು ಕೊಡುತ್ತದೆ ಎಂದು ಘೋಷಣೆಗಳ ಫೈಲಿನಲ್ಲಿ ಬರೆದಿಟ್ಟಿರುತ್ತೇವೆ. ಕಂಪೈಲರ್ ಅದನ್ನು ಕಣ್ಣುಮುಚ್ಚಿ ನಂಬುತ್ತದೆ. ಘೋಷಣೆಯೇ ಸುಳ್ಳಾದರೆ ಎಂಥ ತಪ್ಪು ಬಂದರೂ ಬನ್ನಿ ಬನ್ನಿ ಎಂದು ಒಳಗೆ ಕರೆದುಕೊಳ್ಳುತ್ತದೆ. ಆ ಫೈಲು ನಿಮಿಯಾ ಅವರ ಪಾಲಿಗೆ ಬಂದದ್ದು.

ನಾನು ಕೆಲಸಕ್ಕೆ ಸೇರಿದ ದಿನ ಅವರು ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಸೂಪಿನ ಮೂಲಕ.

“ಎವೆಲಿಯೊ, ಮನೇಲಿ ನಿಮ್ಮಮ್ಮ ಸೂಪ್ ಮಾಡ್ತಾರಲ್ಲ, ಹೇಗೆ ತಿಂತೀಯ?”

“ಚಾಕೂಲಿ ಕತ್ತರಿಸಿ, ಕೈಯಲ್ಲಿ ಹಿಡ್ಕೊಂಡು.”

“ಹೊರದೇಶದವನೊಬ್ಬ ಊಟಕ್ಕೆ ಬಂದ ಅನ್ಕೋ. ಇವತ್ತು ಸೂಪ್ ಇದೆ ಅಂದ್ವಿ. ಅವ್ನು ಏನು ಕೈಗೆ ತಗೋತಾನೆ?”

“ಚಮಚ.”

“ಚಮಚ ಹಿಡ್ಕೊಂಡು ಕೂತ. ಎದುರಿಗೆ ಮೆಕ್ಕೆಜೋಳದ್ದು, ಚೀಸಿಂದು, ಇಟ್ಟಿಗೆ ಥರ ಒಂದು ತುಂಡು ಬಂತು. ತಪ್ಪು ಯಾರ್ದು? ಚಮಚದವನ್ದಾ?”

“ನಮ್ದು.”

“ಅಷ್ಟೇ ಕಣಪ್ಪ ನಮ್ಮ ಕೆಲಸ. ಹೆಸ್ರು ಸೂಪ್ ಅಂತಾನೇ ಇರ್ಲಿ, ಯಾರೂ ಬೇಡ ಅನ್ನಲ್ಲ. ಅದು ಗಟ್ಟಿ ಅಂತ ಮೊದ್ಲೇ ಹೇಳಿರ್ಬೇಕು.”

ನಮ್ಮಪ್ಪ ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸುವವರು. ಕಾಲೇಜಿನಲ್ಲಿ ನಾಲ್ಕು ಪುಸ್ತಕ ಓದಿ ಅರ್ಥವಾಗದೆ ಉಳಿದಿದ್ದದ್ದು ಆ ಸೂಪಿನಲ್ಲಿ ನನಗೆ ಅರ್ಥವಾಯಿತು.

ಘೋಷಣೆಗಳನ್ನೆಲ್ಲ ಮೊದಲು ಬರೆದವರು ದೋನ್ ಲೆಯೊಕಾದಿಯೊ ಇನ್ಸ್‌ಫ್ರಾನ್. ಭಾಷೆಯನ್ನು ಹುಟ್ಟಿಸಿದವರೂ ಅವರೇ. ಮೇಷ್ಟರಾಗಿ ನಿವೃತ್ತರಾದ ಮೇಲೂ ಆ ಫೈಲಿನಲ್ಲಿ ಏನೇ ಬದಲಾಗಬೇಕಾದರೂ ಅವರ ತಲೆ ಅಲ್ಲಾಡಬೇಕು ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವರು ನಿಮಿಯಾ ಅವರ ಜ್ಞಾನಸ್ನಾನದಲ್ಲಿ ಹೊಣೆ ಹೊತ್ತ ಧರ್ಮಪಿತ, ಪದ್ರಿನೊ. ನಿಮಿಯಾ ನಡೆಯಲು ಕಲಿಯುವ ಮೊದಲೇ ಅವರ ತಂದೆ ತೀರಿಕೊಂಡಿದ್ದರು. ಶಾಲೆಗೆ ಸೇರಿಸಿದ್ದು, ಲೆಕ್ಕ ಕಲಿಸಿದ್ದು, ಮೊದಲ ಸೈಕಲ್ಲಿನ ಹಿಂದೆ ಸೀಟು ಹಿಡಿದು ಓಡಿದ್ದು ಎಲ್ಲ ಪದ್ರಿನೊ. ಈಗ ನಿಮಿಯಾ ಅವರಿಗೇ ತಲೆ ನರೆತಿದೆ. ಆದರೂ ದೋನ್ ಲೆಯೊಕಾದಿಯೊ ಕಂಡೊಡನೆ ಎರಡೂ ಕೈ ಜೋಡಿಸಿ “ಆಶೀರ್ವಾದ, ಪದ್ರಿನೊ” ಎನ್ನುತ್ತಾರೆ. ಅವರು ಕೈಯೆತ್ತಿ ಗಾಳಿಯಲ್ಲಿ ಶಿಲುಬೆ ಬರೆದು “ದೇವ್ರು ಒಳ್ಳೇದು ಮಾಡ್ಲಿ ಮಗಳೇ” ಎನ್ನುತ್ತಾರೆ. ಅದಾಗದೆ ಇಬ್ಬರಿಗೂ ಮುಂದಿನ ಮಾತು ಹೊರಡುವುದಿಲ್ಲ.

ದೋನ್ ಲೆಯೊಕಾದಿಯೊ ಅವರಿಗೆ ಇನ್ನೊಬ್ಬ ಧರ್ಮಪುತ್ರನಿದ್ದಾನೆ. ಒಂದು ಮದುವೆಯಲ್ಲಿ ಪದ್ರಿನೊ ಹಾರ್ಪ್ ನುಡಿಸಿದಾಗ ಒಂದು ತಂತಿ ಶ್ರುತಿ ತಪ್ಪಿದೆ ಎಂದು ಅವನು ಎಲ್ಲರೆದುರು ಹೇಳಿದ. ತಪ್ಪಿದ್ದದ್ದು ನಿಜ. ಅಂದಿನಿಂದ ಅವನು ಕೈ ಜೋಡಿಸಿದಾಗಲೆಲ್ಲ ದೋನ್ ಲೆಯೊಕಾದಿಯೊ ಅವರಿಗೆ ಕನ್ನಡಕ ಎಲ್ಲಿಟ್ಟೆ ಎಂಬ ಚಿಂತೆ ಹತ್ತುತ್ತದೆ. ಎಲ್ಲ ಜೇಬುಗಳನ್ನೂ ತಡಕಾಡುತ್ತಾರೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ. ಪಾಪ ಅವನು ಕೈ ಇಳಿಸಿಕೊಂಡು ಹೋಗುತ್ತಾನೆ.

ಇಷ್ಟು ತಿಳಿದಿದ್ದರೆ ಎತ್ತಿನ ಪ್ರಕರಣ ನಡೆದಾಗ ನಮಗೆಲ್ಲ ಯಾಕೆ ದಿಗಿಲಾಯಿತು ಎಂದು ಗೊತ್ತಾಗುತ್ತದೆ.

ಕಬ್ಬಿನ ಕಾಲ. ಕಾರ್ಖಾನೆಯ ತೂಕದ ಕಟ್ಟೆಯ ಪ್ರೋಗ್ರಾಂ ಮಾಡುವುದು ಇಷ್ಟೇ: ಗೇಟು ತೆಗೆ, ಸಾಲಿನಲ್ಲಿ ‘ಮುಂದಿನದು’ ಯಾವ ಗಾಡಿ ಎಂದು ಕೇಳು, ಅದರ ಮಾಲೀಕನ ಹೆಸರು ಕೂಗು, ತೂಗು, ಚೀಟಿ ಕೊಡು. ಒಂದು ಮಧ್ಯಾಹ್ನ ಸಾಲು ಬರಿದಾಯಿತು. ಗೇಟು ತೆರೆಯಿತು. ಇಲ್ಲದ ಗಾಡಿಯ ಮಾಲೀಕನ ಹೆಸರು ಹುಡುಕಲು ಹೋಗಿ ಪ್ರೋಗ್ರಾಂ ಮುಗ್ಗರಿಸಿ ಬಿತ್ತು. ಗೇಟು ತೆರೆದದ್ದು ತೆರೆದೇ ಉಳಿಯಿತು. ಊಟ ಮುಗಿಸಿದ ಕಾವಲುಗಾರ ತೂಕಡಿಸುತ್ತಿದ್ದ. ಪಕ್ಕದ ಹುಲ್ಲುಗಾವಲಿನ ಒಂದು ಎತ್ತು ಒಳಗೆ ಬಂದು, ಕಟ್ಟೆಯ ಮೇಲಿನ ತಗಡಿನ ನೆರಳಲ್ಲಿ ನಿಂತು ಮೆಲುಕು ಹಾಕತೊಡಗಿತು. ಎಚ್ಚರಾದ ಕಾವಲುಗಾರ ಅತ್ತಿತ್ತ ನೋಡದೆ ಮೊದಲು ಪ್ರೋಗ್ರಾಂ ಚಾಲೂ ಮಾಡಿದ. ಅದು ಬಿದ್ದ ಹೆಜ್ಜೆಯಿಂದ ಮುಂದಕ್ಕೆ ಹೊರಟು, ಕಟ್ಟೆಯ ಮೇಲಿದ್ದುದನ್ನು ನಿಷ್ಠೆಯಿಂದ ತೂಗಿ, ‘ಕಬ್ಬು, ಮೊದಲ ದರ್ಜೆ’ ಎಂದು ಚೀಟಿ ಮುದ್ರಿಸಿತು.

ಕಾರ್ಖಾನೆಯ ಇರೆನೆಯೊ ಚೀಟಿಯ ನಕಲು ಹಿಡಿದು ನಮ್ಮ ಆಫೀಸಿಗೆ ಬಂದರು.

“ಯಾರ್ರೀ ಇಲ್ಲಿ ಎತ್ತನ್ನ ಕಬ್ಬು ಅಂದವ್ರು?”

ನಮ್ಮ ಕ್ರಿಸ್ಪಿನ್‌ಗೆ ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. “ಅರೆದು ನೋಡಿದ್ರಾ ದೋನ್ ಇರೆನೆಯೊ? ರಸ ಬಂತಾ?”

“ನಗು, ನಗು. ಎತ್ತಿನ ಯಜಮಾನ ಚೀಟಿಗೆ ಗಾಜು ಹಾಕ್ಸಿ ಗೋಡೆಗೆ ತಗಲಾಕಿದ್ದಾನೆ. ಊರೆಲ್ಲ ಹೋಗಿ ನೋಡ್ಕೊಂಡ್ ಬರ್ತಿದೆ. ನನ್ನ ಹೆಂಡ್ತೀನೂ ಹೋಗಿದ್ಲು.”

“ಮೊದಲ ದರ್ಜೆ ಅಂತಾದ್ರೂ ಬಂತಲ್ಲ. ಎರಡನೇ ದರ್ಜೆ ಅಂದಿದ್ರೆ ಎತ್ತಿಗೆ ಬೇಜಾರಾಗ್ತಿತ್ತು.”

ಇರೆನೆಯೊ ಬೈದು ಹೊರಟ ಮೇಲೆ ಕ್ರಿಸ್ಪಿನ್ ಕುರ್ಚಿ ತಿರುಗಿಸಿಕೊಂಡು ಹೇಳಿದ, “ತಪ್ಪು ಆ ಕಾರ್ಖಾನೆ ಪ್ರೋಗ್ರಾಂ ಬರೆದವನ್ದು. ಗಾಡಿ ಇದ್ಯಾ ಇಲ್ವಾ ಅಂತ ಮೊದ್ಲು ನೋಡ್ಕೋಬೇಕಿತ್ತು.”

ನಿಮಿಯಾ ತಮ್ಮ ಪರದೆಯಿಂದ ತಲೆಯೆತ್ತಲಿಲ್ಲ. “ಅವ್ನು ಯಾಕೆ ನೋಡ್ಬೇಕು? ‘ಮುಂದಿನದು’ ಅಂದ್ರೆ ಒಂದಲ್ಲ ಒಂದು ಯಾವಾಗ್ಲೂ ಸಿಗುತ್ತೆ ಅಂತ ನಾವೇ ಬರೆದಿಟ್ಟಿದ್ದೀವಿ. ನೋಡದೇ ಇದ್ರೂ ಕಂಪೈಲರ್ ಬೈಯಲ್ಲ. ಅವ್ನು ಚಮಚ ತಂದ ಅಷ್ಟೇ. ಸೂಪ್ ಅಂದವ್ರು ನಾವು.”

ಆಗಲೇ ನಮಗೆ ದಿಗಿಲಾದದ್ದು. ಯಾಕೆಂದರೆ ‘ಮುಂದಿನದು’ ದೋನ್ ಲೆಯೊಕಾದಿಯೊ ಅವರ ಮುದ್ದಿನ ಕೂಸು.

ಅದು ಹುಟ್ಟಿದ ಕತೆಯನ್ನು ಅವರು ಹೇಳಿದಷ್ಟು ಸಲ ನಾವೂ ಕೇಳಿದ್ದೇವೆ. ಅವರ ಮನೆಯ ಹಿತ್ತಲಲ್ಲಿ ಮಾವಿನ ಮರದಡಿ ತೆರೆರೆ ಕುಡಿಯುತ್ತ ಕೂತಿದ್ದರಂತೆ. ಕೊಂಬಿನ ಲೋಟದಲ್ಲಿ ಸೊಪ್ಪು, ಅದಕ್ಕೆ ತಣ್ಣೀರು, ಒಂದೇ ಲೋಟ, ಒಂದೇ ಕೊಳವೆ. ಬಡಿಸುವವರು ತುಂಬಿ ಕೊಡುತ್ತಾರೆ, ಒಬ್ಬರು ಹೀರಿ ಲೋಟ ವಾಪಸು ಕೊಡುತ್ತಾರೆ, ಮತ್ತೆ ತುಂಬಿ ಮುಂದಿನವರಿಗೆ. ಅವರಾದ ಮೇಲೆ ಮುಂದಿನವರಿಗೆ. ಹೀಗೆ ಸುತ್ತುತ್ತಿರುವಾಗ ಅವರಿಗೆ ಹೊಳೆಯಿತಂತೆ: ಸುತ್ತಿನಲ್ಲಿ ಕೊನೆಯವರು ಅಂತ ಯಾರೂ ಇಲ್ಲ, ಮುಂದಿನವರು ಯಾವಾಗಲೂ ಇರುತ್ತಾರೆ. ಅಲ್ಲೇ ಎದ್ದು ಹೋಗಿ ಘೋಷಣೆ ಬರೆದರು. ಆಮೇಲಿನ ವರ್ಷಗಳಲ್ಲಿ ಯಾರೋ ಆ ಸುತ್ತಿನ ಘೋಷಣೆಯ ಕೆಳಗೇ, ಕೊನೆಯಿರುವ ಸಾಲನ್ನೂ ತಂದು ಕೂರಿಸಿದರು. ಲೋಕದ ಬೇರೆಲ್ಲಾದರೂ ಈ ಭಾಷೆ ಹುಟ್ಟಿದ್ದರೆ ಈ ತಪ್ಪು ಆಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಲೋಟಕ್ಕೊಬ್ಬರಂತೆ ಕುಡಿಯುವ ಜನಕ್ಕೆ ಇಂಥದ್ದು ಹೊಳೆಯುವುದೇ ಇಲ್ಲ.

ನಿಮಿಯಾ ತಮ್ಮ ಯಂತ್ರದಲ್ಲಿ ಮಾತ್ರ, ಯಾರಿಗೂ ತಾಗದಂತೆ, ಆ ಘೋಷಣೆಗೆ ‘ಅಥವಾ ಏನೂ ಇಲ್ಲ’ ಎಂದು ಸೇರಿಸಿ ನೋಡಿದರು. ಇನ್ನು ಮೇಲೆ ಕಂಪೈಲರ್ ಪ್ರತಿ ಪ್ರೋಗ್ರಾಮನ್ನೂ ತಡೆದು, ಏನೂ ಬರದಿದ್ದರೆ ಏನು ಮಾಡ್ತೀಯ, ಮೊದಲು ಹೇಳು ಎಂದು ಕೇಳಬೇಕು. ಕೇಳಿತು. ಕಾರ್ಖಾನೆಯ ಪ್ರೋಗ್ರಾಮನ್ನು ತಡೆಯಿತು. ಬಸ್ ನಿಲ್ದಾಣದ್ದನ್ನು ತಡೆಯಿತು. ಚರ್ಚಿನ ಗಂಟೆಯದನ್ನೂ ತಡೆಯಿತು. ಆಮೇಲೆ ಕಂಪೈಲರನ್ನೇ ತಡೆಯಿತು. ಕುರುಪಾಯ್ ಕಂಪೈಲರನ್ನು ಬರೆದಿರುವುದೂ ಕುರುಪಾಯ್ ಭಾಷೆಯಲ್ಲೇ. ಹೊಸದು ತಯಾರಾಗಬೇಕಾದರೆ ಅದು ತನ್ನನ್ನು ತಾನೇ ಓದಿ ಒಪ್ಪಬೇಕು. ಅದು ಒಪ್ಪಲಿಲ್ಲ. ಪರದೆಯ ಮೇಲೆ ತಪ್ಪುಗಳು ಕೆಳಗಿಳಿಯುತ್ತಲೇ ಹೋದವು.

“ಕನ್ನಡಿ ನೋಡ್ಕೊಂಡು ತಾನೇ ಕಿರುಚ್ಕೊಂಡ ಹಾಗಾಯ್ತು,” ಎಂದ ಕ್ರಿಸ್ಪಿನ್.

“ಇವೆಲ್ಲ ಯಾರ ಕೋಡು?” ಎಂದಳು ಸಬೀನಾ. ನಮ್ಮ ನಾಲ್ವರಲ್ಲಿ ಮುಂದಾಲೋಚನೆ ಇರುವವಳು ಅವಳೊಬ್ಬಳೇ.

ಹೆಚ್ಚಿನವು ದೋನ್ ಲೆಯೊಕಾದಿಯೊ ಅವರವು. ಕೆಲವು ನಿಮಿಯಾ ಅವರವು. ಒಂದು ನನ್ನದು, ಅದನ್ನು ಕ್ರಿಸ್ಪಿನ್ ಎಲ್ಲರಿಗೂ ಕೇಳುವ ಹಾಗೆ ಓದಿದ.

ಭಾಷೆಯ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಹೊಸ ಕಂಪೈಲರನ್ನು ಅತಿಥಿಗಳ ಎದುರು ದೋನ್ ಲೆಯೊಕಾದಿಯೊ ಅವರೇ ಬಟನ್ ಒತ್ತಿ ಹೊರಡಿಸಬೇಕು. ಬದಲಾವಣೆ ಅದರಲ್ಲಿ ಸೇರಬೇಕೆಂದರೆ ಬರುವ ಶನಿವಾರವೇ ಅವರ ಒಪ್ಪಿಗೆ ಸಿಗಬೇಕು.

“ಹಬ್ಬ ಮುಗೀಲಿ ನ್ಯಾ ನಿಮಿಯಾ, ಆಮೇಲೆ ಹೇಳಿ,” ಎಂದಳು ಸಬೀನಾ.

“ಆಮೇಲೆ, ಅಥವಾ ಏನೂ ಇಲ್ಲ. ಕಬ್ಬು ಇನ್ನೂ ಮುಗಿದಿಲ್ಲ ಕಣೆ. ಇವತ್ತು ಎತ್ತು ಬಂತು. ನಾಳೆ ಆ ಕಟ್ಟೆ ಮೇಲೆ ಮಗು ಬಂದ್ರೆ?”

“ಹಾಗಾದ್ರೆ ಹೇಳ್ಲೇಬೇಡಿ. ಸುಮ್ನೆ ಸೇರ್ಸಿಬಿಡೋಣ,” ಎಂದ ಕ್ರಿಸ್ಪಿನ್. “ಮುದುಕರು ಬಟನ್ ಒತ್ತಾರೆ, ಕೇಕ್ ತಿಂತಾರೆ, ಮನೇಗ್ ಹೋಗ್ತಾರೆ.”

“ಮುಚ್ಚಿಟ್ಕೊಂಡು ಹೋಗಿ ಅವ್ರ ಮುಂದೆ ಕೈ ಜೋಡಿಸ್ಲಾ?” ಎಂದರು ನಿಮಿಯಾ. ಆಮೇಲೆ ಸಣ್ಣ ದನಿಯಲ್ಲಿ, “ಹೇಳಿದ್ರೂ ಕನ್ನಡಕ ಹುಡುಕ್ತಾರೆ. ಗೊತ್ತು,” ಎಂದರು.

ಆ ವಾರ ಬಸ್ ನಿಲ್ದಾಣದ ಹುಡುಗಿಯರಿಗೆ ನೆಮ್ಮದಿ. ಏಳಕ್ಕೆ ಬಸ್ ಎಂದರೆ ಏಳಕ್ಕೆ ಎಂದು ಕೇಳಿಕೊಂಡು ನಿಮಿಯಾ ಸುಮ್ಮನೆ ಬೆಂಚಿನ ಮೇಲೆ ಕೂರುತ್ತಿದ್ದರಂತೆ. ಅವರಿಗೆ ಹುಷಾರಿಲ್ಲವೇ ಎಂದು ಒಬ್ಬಳು ನನ್ನನ್ನು ಕೇಳಿದಳು.

ಶನಿವಾರ ಬೆಳಿಗ್ಗೆ ನಾವು ನಾಲ್ವರೂ ಪದ್ರಿನೊ ಮನೆಗೆ ಹೋದೆವು. ಬಿಸಿಲು ಆಗಲೇ ಏರಿತ್ತು. ಗೇಟಿನಲ್ಲಿ ನಿಮಿಯಾ ಕೈ ಜೋಡಿಸಿದರು, ದೋನ್ ಲೆಯೊಕಾದಿಯೊ ಕೈಯೆತ್ತಿ ಹರಸಿದರು. ಆ ಆಶೀರ್ವಾದವನ್ನು ನಿಮಿಯಾ ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ತಲೆಬಾಗಿ ತೆಗೆದುಕೊಂಡರು.

ಮಾವಿನ ಮರದಡಿ ಕೂತೆವು: ಸಬೀನಾ, ಆಮೇಲೆ ಕ್ರಿಸ್ಪಿನ್, ಆಮೇಲೆ ನಿಮಿಯಾ, ಕೊನೆಗೆ ನಾನು. ಕೊನೆಗೆ ಎನ್ನಬಾರದು, ಸುತ್ತು ಅದು. ಬಡಿಸುವವರು ಮೊದಲ ಲೋಟ ತಾವು ಕುಡಿದು, ಆಮೇಲೆ ಬರೀ ಬಡಿಸಬೇಕು ಎಂಬುದು ಆ ಮನೆಯ ಕ್ರಮ. ಮೊದಲ ಸುತ್ತು ಮುಗಿಯುವವರೆಗೆ ಕೆಲಸದ ಮಾತು ಎತ್ತುವಂತಿಲ್ಲ ಎಂಬುದೂ ಅಲ್ಲಿಯ ಕ್ರಮವೇ. ಹಾರ್ಪಿನ ತಂತಿ, ನೆರೆಮನೆಯ ಹುಂಜ, ಎತ್ತಿನ ಚೀಟಿ ಎಲ್ಲ ಮಾತಿಗೆ ಬಂದವು. ಎತ್ತಿನ ಕತೆಗೆ ದೋನ್ ಲೆಯೊಕಾದಿಯೊ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕಷ್ಟೂ ನಿಮಿಯಾ ಅವರ ಮುಖ ಸಣ್ಣದಾಯಿತು.

ಲೋಟ ಒಂದು ಸುತ್ತು ಬಂತು.

“ಪದ್ರಿನೊ, ‘ಮುಂದಿನದು’ ಬಗ್ಗೆ ಒಂದು ಮಾತಿತ್ತು.”

“ಹೇಳು ಮಗಳೇ. ನನ್ನ ಮಕ್ಕಳಲ್ಲೆಲ್ಲ ಒಳ್ಳೇದು ಅದು.”

“ಅದ್ರ ಘೋಷಣೆ ತಪ್ಪಾಗಿದೆ.”

ಹಿತ್ತಲ ಒಲೆಯ ಹತ್ತಿರ ಅವರ ಹೆಂಡತಿ ನ್ಯಾ ಪೊರ್ಫಿರಿಯಾ ಏನೋ ತೊಳೆಯುತ್ತಿದ್ದ ಸದ್ದೂ ನಿಂತಿತು.

“ತಪ್ಪು?”

“ಎತ್ತು ಒಳಗೆ ಬಂದಿದ್ದು ಅದ್ರಿಂದ್ಲೇ. ಸಾಲು ಖಾಲಿ ಆದಾಗ ಅದು ಏನೂ ಕೊಡಲ್ಲ. ಯಾವಾಗ್ಲೂ ಕೊಡುತ್ತೆ ಅಂತ ನಾವು ಬರೆದಿದ್ದೀವಿ. ‘ಅಥವಾ ಏನೂ ಇಲ್ಲ’ ಅಂತ ಸೇರಿಸ್ಬೇಕು.”

ದೋನ್ ಲೆಯೊಕಾದಿಯೊ ಲೋಟಕ್ಕೆ ನೀರು ಹೊಯ್ಯುತ್ತ ನಿಧಾನಕ್ಕೆ ಹೇಳಿದರು. “ನಾನು ಸಾಲಿಗೆ ಬರೀಲಿಲ್ಲ, ಸುತ್ತಿಗೆ ಬರೆದೆ. ಸಾಲನ್ನ ಆಮೇಲೆ ತಂದು ಅಂಟಿಸಿದವ್ರು ನೀವು. ಸಾಲಿಗೆ ಬೇಕಾದ್ರೆ ನಿನ್ನ ‘ಅಥವಾ’ ಹಾಕ್ಕೋ. ಸುತ್ತಿನದ್ದು ಮುಟ್ಬೇಡ.”

ಇದು ದೊಡ್ಡ ಗೆಲುವು. ಸಬೀನಾ ಕಣ್ಣಲ್ಲೇ ಒಪ್ಪಿಕೊಳ್ಳಿ ಎಂದಳು. ಕ್ರಿಸ್ಪಿನ್ ಕೆಮ್ಮಿದ. ನಿಮಿಯಾ ಕೂಡ ಬಾಯಿ ಬಿಗಿಹಿಡಿದು ಕೂತರು. ಕತ್ತಿನ ನರ ಉಬ್ಬುವಷ್ಟು ಬಿಗಿಹಿಡಿದರು. ಆದರೆ ಆ ಬಾಯಿಗೆ ಅಭ್ಯಾಸ ಇರಲಿಲ್ಲ.

“ಸುತ್ತೂ ಖಾಲಿ ಆಗುತ್ತೆ, ಪದ್ರಿನೊ.”

“ಎಲ್ಲಿ ಆಗುತ್ತೆ?” ದೋನ್ ಲೆಯೊಕಾದಿಯೊ ಅವರ ದನಿ ಏರಿತು. “ಈ ಮರದ ಕೆಳಗೆ, ನನ್ನ ಮನೇಲಿ, ಮುಂದಿನವ್ರು ಯಾರೂ ಇಲ್ಲ ಅನ್ನೋದು ಯಾವತ್ತಾದ್ರೂ ಆಗಿದ್ಯಾ? ನನ್ನ ಸುತ್ತು ಖಾಲಿ ಆಗಲ್ಲ!”

ಅವರು ಲೋಟವನ್ನು ಸಬೀನಾಳಿಗೆ ಕೊಟ್ಟರು. ಅವಳು ಹೀರಿ ಕೊಟ್ಟಳು. ಕ್ರಿಸ್ಪಿನ್‌ಗೆ ಕೊಟ್ಟರು. ಅವನು ಹೀರಿ ಕೊಟ್ಟ. ನಿಮಿಯಾ ಕೈ ಚಾಚಿದರು. ಲೋಟ ಅವರ ಕೈಯ ಮುಂದೆಯೇ ಹಾದು ನನ್ನ ಬಳಿ ಬಂತು.

ತೆರೆರೆ ಸುತ್ತಿನಲ್ಲಿ ಒಬ್ಬರನ್ನು ದಾಟಿಸಿ ಕೊಡುವುದೆಂದರೆ ಎದುರಿಗೇ ಅವಮಾನ ಮಾಡಿದ ಹಾಗೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಹೀರಿದೆ. ಲೋಟ ವಾಪಸು ಕೊಟ್ಟೆ. ನಿಮಿಯಾ ಚಾಚಿದ ಕೈಯನ್ನು ಹಾಗೆಯೇ ಒಯ್ದು ಭುಜ ಸವರಿಕೊಂಡರು, ಅಲ್ಲೇನೋ ಹುಳ ಕೂತಿದೆ ಎಂಬಂತೆ. ಮುಂದಿನ ಸುತ್ತಿನಲ್ಲೂ ಹಾಗೇ ಆಯಿತು. ಅವರು ಈ ಸಲವೂ ಕೈ ಚಾಚಿದ್ದರು.

ಮತ್ತೆ ಲೋಟ ಸಬೀನಾಳ ಕೈಗೆ ಹೋಯಿತು. ಅವಳು ಹೀರಿ, ವಾಪಸು ಕೊಡುತ್ತ, ನೆಲ ನೋಡಿಕೊಂಡು ಹೇಳಿದಳು:

“ಗ್ರಾಸಿಯಸ್.”

ಧನ್ಯವಾದ ಎಂಬ ಈ ಒಂದು ಮಾತಿಗೆ ಸುತ್ತಿನಲ್ಲಿ ಸಾಕು, ನನಗೆ ಇನ್ನು ಕೊಡಬೇಡಿ ಎಂದರ್ಥ. ಬೇಕಿರುವವರು ಬಾಯಿ ಬಿಡದೆ ಲೋಟ ವಾಪಸು ಕೊಡುತ್ತಾರೆ. ಗ್ರಾಸಿಯಸ್ ಎಂದವರು ಸುತ್ತಿನಿಂದ ಹೊರಗೆ. ಇನ್ನೂ ಜಗ್ಗಿನ ನೀರು ಅರ್ಧವೂ ಇಳಿದಿರಲಿಲ್ಲ.

“ಇಷ್ಟು ಬೇಗನಾ?” ಎಂದರು ದೋನ್ ಲೆಯೊಕಾದಿಯೊ.

“ಹೊಟ್ಟೆ ಸರಿಯಿಲ್ಲ.”

ಅವರು ತುಂಬಿ ಕ್ರಿಸ್ಪಿನ್‌ಗೆ ಕೊಟ್ಟರು. ಅವನು ಕೊಳವೆಯಲ್ಲಿ ಗೊರ್ ಎಂದು ಸದ್ದು ಬರುವವರೆಗೆ ಹೀರಿದ. “ಗ್ರಾಸಿಯಸ್, ದೋನ್ ಲೆಯೊಕಾದಿಯೊ. ನನ್ನ ಹೊಟ್ಟೇನೂ ಅವ್ಳ ಹೊಟ್ಟೆ ಥರಾನೇ.”

ಲೋಟ ನಿಮಿಯಾ ಅವರನ್ನು ದಾಟಿ ನನ್ನ ಕೈಗೆ ಬಂತು. ದೊಡ್ಡವರ ಮನೆಯಲ್ಲಿ ಕೊಟ್ಟದ್ದನ್ನು ಬೇಡ ಎನ್ನಬಾರದು ಎಂದು ನಮ್ಮಮ್ಮ ಕಲಿಸಿದ್ದರು. ನಿಜಕ್ಕೂ ಬಾಯಾರಿಕೆ ಆಗಿತ್ತು. ಕುಡಿದೆ. “ಗ್ರಾಸಿಯಸ್” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅವರಿಗೆ ಕೇಳಿಸಿತು.

ದೋನ್ ಲೆಯೊಕಾದಿಯೊ ಅಭ್ಯಾಸಬಲದಿಂದ ಲೋಟ ತುಂಬಿದರು. ತುಂಬಿದ ಮೇಲೆ ಕೊಡಲು ನೋಡಿದರು. ಸುತ್ತಿನಲ್ಲಿ ಉಳಿದವರು ನಿಮಿಯಾ ಒಬ್ಬರೇ. ಅವರಿನ್ನೂ ಆ ಮಾತು ಹೇಳಿರಲಿಲ್ಲ.

ಲೆಕ್ಕದ ಮೇಷ್ಟರು ಅವರು. ತಾವು ಎಲ್ಲಿ ಸಿಕ್ಕಿಕೊಂಡೆವು ಎಂದು ನಮಗಿಂತ ಮೊದಲು ಅವರಿಗೇ ಹೊಳೆಯಿತು. ಕೊಡದೆ ಹೋದರೆ ಮುಂದಿನವರು ಯಾರೂ ಇಲ್ಲ ಎಂದಾಯಿತು, ಘೋಷಣೆ ಸುಳ್ಳು. ಘೋಷಣೆ ನಿಜವಾಗಬೇಕೆಂದರೆ ಲೋಟವನ್ನು ನಿಮಿಯಾ ಅವರಿಗೇ ಕೊಡಬೇಕು. ಅವರ ಮೀಸೆ ಒಮ್ಮೆ ಎಡಕ್ಕೆ ಹೋಗಿ ಬಂತು. ಆಮೇಲೆ ಲೋಟ ಚಾಚಿದರು.

“ತಗೋ. ನೋಡಿದ್ಯಾ? ಮುಂದಿನವ್ರು ಇದ್ದೇ ಇರ್ತಾರೆ.”

ನಿಮಿಯಾ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡರು. ಬಿಸಿಲಲ್ಲಿ ಮೂರು ಸುತ್ತು ಒಣಗಿದ್ದವರು ಅವರು, ನಿಧಾನವಾಗಿ ಹೀರಿದರು. ನಾವು ಮೂವರೂ ಅವರ ಬಾಯನ್ನೇ ನೋಡುತ್ತಿದ್ದೆವು. ಈಗ ಸುಮ್ಮನೆ ಲೋಟ ವಾಪಸು ಕೊಟ್ಟರೆ ಪದ್ರಿನೊ ಮತ್ತೆ ತುಂಬುತ್ತಾರೆ, ಎಲ್ಲ ಮರೆತುಹೋಗುತ್ತದೆ, ಹಬ್ಬ ಚೆನ್ನಾಗಿ ನಡೆಯುತ್ತದೆ, ಆಶೀರ್ವಾದ ಎಂದಿನಂತೆ ಸಿಗುತ್ತದೆ. ಕೊಳವೆ ಗೊರ್ ಎಂದಿತು. ನಿಮಿಯಾ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಅದರ ಬೆಳ್ಳಿಯ ಅಂಚನ್ನು ಹೆಬ್ಬೆರಳಿಂದ ಒರೆಸಿದರು. ಆಮೇಲೆ ವಾಪಸು ಕೊಟ್ಟರು.

“ಗ್ರಾಸಿಯಸ್, ಪದ್ರಿನೊ.”

ದೋನ್ ಲೆಯೊಕಾದಿಯೊ ಲೋಟ ತುಂಬಿದರು. ತುಂಬಿ ಹಿಡಿದುಕೊಂಡು ಕೂತರು. ಆಮೇಲೆ ಒಲೆಯ ಕಡೆ ತಿರುಗಿ ಕೂಗಿದರು:

“ಪೊರ್ಫಿರಿಯಾ! ಬಾ, ಒಂದು ಕುಡಿ!”

“ಗ್ರಾಸಿಯಸ್!” ಎಂದು ಅಲ್ಲಿಂದ ಕೂಗು ಬಂತು. “ಸೂಪ್ ಒಲೇಲಿದೆ. ನೀವೇನು ಇವತ್ತು ಹೊಸದಾಗಿ ನನ್ನ ಕರೀತಿರೋದು?”

ಅವರು ಗೇಟಿನಾಚೆ ಬೀದಿ ನೋಡಿದರು. ಆ ಬಿಸಿಲಲ್ಲಿ ಯಾರೂ ಇರಲಿಲ್ಲ. ಕಾಲ ಬುಡದಲ್ಲಿ ಮಲಗಿದ್ದ ನಾಯಿಯನ್ನು ನೋಡಿದರು. ಅದು ಎದ್ದು ಮೈ ಕೊಡವಿ, ಮನೆಯ ಆ ಬದಿಗೆ ಹೋಯಿತು.

“ಅಥವಾ ಏನೂ ಇಲ್ಲ,” ಎಂದರು ದೋನ್ ಲೆಯೊಕಾದಿಯೊ. ಹೊಸ ಮಾತೊಂದನ್ನು ನಾಲಗೆಯ ಮೇಲಿಟ್ಟು ರುಚಿ ನೋಡುವವರ ಹಾಗೆ ಅಂದರು. ಲೋಟದ ನೀರನ್ನು ಮಾವಿನ ಬುಡಕ್ಕೆ ಚೆಲ್ಲಿದರು. “ಬರಿ.”

ಕ್ರಿಸ್ಪಿನ್ ಸಬೀನಾಳ ಮುಖ ನೋಡಿದ.

“ಬರಿ ಅಂದ್ನಲ್ಲ. ಸಾಲಿಗೂ ಬರಿ, ಸುತ್ತಿಗೂ ಬರಿ. ಆದ್ರೆ ಹಬ್ಬದ ದಿನ ನಾನು ಬಟನ್ ಒತ್ತಿದಾಗ ಅದು ನನ್ನ ತಪ್ಪೆಲ್ಲ ಜನರ ಮುಂದೆ ಓದಿ ಹೇಳ್ಬಾರ್ದು.”

“ಹೇಳಲ್ಲ ಪದ್ರಿನೊ. ಅಷ್ಟ್ರೊಳಗೆ ಎಲ್ಲಾ ಸರಿ ಮಾಡಿರ್ತೀವಿ.”

“ಮಾಡಿರ್ತೀರಿ, ಅಥವಾ?”

“ಮಾಡಿರ್ತೀವಿ,” ಎಂದರು ನಿಮಿಯಾ. ಮುಂದಾಗುವುದರ ಬಗ್ಗೆ ಅವರು ‘ಅಥವಾ’ದ ಬಾಲವಿಲ್ಲದೆ ಮಾತು ಮುಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಎವೆಲಿಯೊ ಬರೆದಿದ್ರಲ್ಲೂ ಒಂದು ತಪ್ಪಿದೆ,” ಎಂದು ಕ್ರಿಸ್ಪಿನ್ ಸೇರಿಸಿದ, ಯಾರೂ ಕೇಳಿರಲಿಲ್ಲ.

ನ್ಯಾ ಪೊರ್ಫಿರಿಯಾ ಬಿಸಿ ಸೂಪನ್ನು ಕತ್ತರಿಸಿ ತಂದು ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟರು. ನಿಮಿಯಾ ಅವರಿಗೆ ಎರಡು ಕೊಟ್ಟರು. ಗಂಡನಿಗೆ ಕೊಡುವಾಗ “ಪಾಪ, ಹುಡುಗೀನ ಬಿಸಿಲಲ್ಲಿ ಒಣಗಿಸಿದ್ರಲ್ಲ, ನಾಚಿಕೆ ಆಗ್ಬೇಕು” ಎಂದರು. ಅವರು ಬಾಯಿ ತುಂಬ ಸೂಪ್ ಇಟ್ಟುಕೊಂಡಿದ್ದರಿಂದ ಉತ್ತರ ಕೊಡುವ ಪ್ರಮೇಯ ಬರಲಿಲ್ಲ.

ಹೊರಡುವಾಗ ದೋನ್ ಲೆಯೊಕಾದಿಯೊ ಗೇಟಿನವರೆಗೆ ಬಂದರು. ನಾವು ಮೂವರೂ ಮೊದಲೇ ಹೊರಗೆ ಬಂದು ನಿಂತೆವು. ನಿಮಿಯಾ ತಿರುಗಿ ನಿಂತು ಎರಡೂ ಕೈ ಜೋಡಿಸಿದರು.

“ಆಶೀರ್ವಾದ, ಪದ್ರಿನೊ.”

ದೋನ್ ಲೆಯೊಕಾದಿಯೊ ಅವರ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ತಡಕಿತು. ಪ್ಯಾಂಟಿನ ಜೇಬಿಗೆ ಇಳಿಯಿತು. ಕನ್ನಡಕ ಮೂಗಿನ ಮೇಲೇ ಇತ್ತು. ಸಬೀನಾ ನನ್ನ ತೋಳು ಹಿಡಿದುಕೊಂಡಳು. ನಿಮಿಯಾ ಜೋಡಿಸಿದ ಕೈಯನ್ನು ಇಳಿಸಲಿಲ್ಲ.

ಪ್ಯಾಂಟಿನ ಜೇಬಿನಿಂದ ಒಂದು ಕರವಸ್ತ್ರ ಹೊರಗೆ ಬಂತು. ಅವರು ಕನ್ನಡಕ ತೆಗೆದು, ಉಜ್ಜಿ ಉಜ್ಜಿ ಒರೆಸಿ, ಮತ್ತೆ ಮೂಗಿನ ಮೇಲಿಟ್ಟುಕೊಂಡು ನಿಮಿಯಾ ಅವರ ಮುಖ ನೋಡಿದರು. ಆಮೇಲೆ ಕೈಯೆತ್ತಿ ಗಾಳಿಯಲ್ಲಿ ಶಿಲುಬೆ ಬರೆದರು.

“ದೇವ್ರು ಒಳ್ಳೇದು ಮಾಡ್ಲಿ ಮಗಳೇ. ಇದು ನಿಂಗೆ ಯಾವಾಗ್ಲೂ ಸಿಗುತ್ತೆ. ಇದಕ್ಕೆ ಮಾತ್ರ ನಿನ್ನ ‘ಅಥವಾ’ ಅಂಟಿಸ್ಬೇಡ.”

ನಿಮಿಯಾ ತಲೆಯೆತ್ತಿದರು. ಅವರ ಹುಬ್ಬು ಗಂಟಿಕ್ಕಿತು, ಏನೋ ಯೋಚನೆ ಬಂದಂತೆ ಬಾಯಿ ತೆರೆದರು. ಆ ‘ಅಥವಾ’ ಹೊರಗೆ ಬರುವ ಮೊದಲೇ ನಾನು ಹಿಂದಿನಿಂದ ಒಂದು ಹೆಜ್ಜೆ ಇಟ್ಟು ನಿಮಿಯಾ ಅವರ ಕಾಲು ತುಳಿದೆ.